ಕೊರೆಯುವ ಚಳಿಯಲ್ಲಿ ಬೀದಿ ಬೆಕ್ಕಿಗೊಂದು ಗೂಡು

ಹಿಮ ಬೀಳುವ ರಾತ್ರಿ ಗೋಡೆಯ ಮೂಲೆಯಲ್ಲಿ ಬೆಕ್ಕೊಂದು ಮುದುಡಿ ಕೂತಿದ್ದರೆ ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಮನೆಯಲ್ಲಿದ್ದ ಹಳೆಯ ಕಂಬಳಿ ತಂದು ಹಾಸುತ್ತೇವೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ. ಬೆಳಿಗ್ಗೆ ಹೋಗಿ ಮುಟ್ಟಿದರೆ ಕಂಬಳಿ ಹಲಗೆಯಂತೆ ಸೆಟೆದುಕೊಂಡಿತ್ತು. ಬೆಕ್ಕು ಅದನ್ನು ಬಿಟ್ಟು ಕಾರಿನ ಕೆಳಗೆ ಹೋಗಿ ಮಲಗಿತ್ತು.

ಅವತ್ತು ಕಲಿತದ್ದು ಇಷ್ಟು: ಬೆಕ್ಕಿಗೆ ಬರೀ ಚಳಿಗಿಂತ ಒದ್ದೆ ಜಾಸ್ತಿ ಅಪಾಯ. ಚಳಿಗಾಲಕ್ಕೆ ಅದರ ತುಪ್ಪಳ ದಟ್ಟವಾಗುತ್ತದೆ. ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಕಾವನ್ನು ಹಿಡಿದಿಡುತ್ತದೆ. ತುಪ್ಪಳ ನೆನೆದರೆ ಆ ಗಾಳಿಯೂ ಇಲ್ಲ, ಕಾವೂ ಇಲ್ಲ. ಹಾಗಾಗಿ ಕೆಳಗೆ ಹೇಳುವ ಪ್ರತಿ ಕೆಲಸದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಬೆಕ್ಕು ಒಣಗಿರುತ್ತದಾ?

ಮೊದಲು ಪೆಟ್ಟಿಗೆ

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಸುಮಾರು 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಮತ್ತು ಎತ್ತರ ಇದ್ದರೆ ಎರಡು ಬೆಕ್ಕಿಗೆ ಸಾಕು. ದೊಡ್ಡದಿದ್ದರೆ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಆದರೆ ಗೂಡನ್ನು ಬಿಸಿ ಮಾಡುವುದು ಬೆಕ್ಕಿನ ಮೈಶಾಖವೇ. ಒಳಗೆ ಖಾಲಿ ಜಾಗ ಹೆಚ್ಚಿದಷ್ಟೂ ಬಿಸಿಯಾಗುವುದು ಕಷ್ಟ. ಬೆಕ್ಕುಗಳು ಜಾಸ್ತಿ ಇದ್ದರೆ ಒಂದು ದೊಡ್ಡ ಮನೆಯ ಬದಲು ಎರಡು ಮೂರು ಚಿಕ್ಕ ಗೂಡು ಮಾಡಿ. ರಟ್ಟಿನ ಪೆಟ್ಟಿಗೆ ಬೇಡ, ಒಂದೇ ಮಳೆಗೆ ಕುಸಿದು ಬೀಳುತ್ತದೆ.

ಡಬ್ಬಿಯ ತಳಕ್ಕೆ, ನಾಲ್ಕು ಬದಿಗೆ, ಮುಚ್ಚಳದ ಒಳಮೈಗೆ ಥರ್ಮೋಕೋಲ್ ಹಾಳೆ ಕತ್ತರಿಸಿ ಕೂರಿಸಿ. 2 ಸೆಂ.ಮೀ.ಗಿಂತ ತೆಳ್ಳಗಿರುವುದು ಬೇಡ. ಉದ್ದದ ಬದಿಯಲ್ಲಿ, ನಡುವೆ ಅಲ್ಲ, ಒಂದು ತುದಿಗೆ ಬಾಗಿಲು ಕೊರೆಯಿರಿ. ಆಗ ಬೆಕ್ಕು ಇನ್ನೊಂದು ತುದಿಯಲ್ಲಿ ಗಾಳಿ ತಾಗದಂತೆ ಮಲಗಬಹುದು. ಬಾಗಿಲು 15 ಸೆಂ.ಮೀ. ಅಗಲ ಇರಲಿ. ಅಷ್ಟರಲ್ಲಿ ಬೆಕ್ಕು ಸಲೀಸಾಗಿ ನುಗ್ಗುತ್ತದೆ, ದೊಡ್ಡ ನಾಯಿ ನುಗ್ಗಲಾರದು. ತಳದಿಂದ ನಾಲ್ಕೈದು ಬೆರಳು ಮೇಲಕ್ಕೆ ಕೊರೆದರೆ ನೀರು ಒಳಗೆ ಹರಿಯುವುದಿಲ್ಲ. ಕೊರೆದ ಅಂಚು ಚೂಪಾಗಿರುತ್ತದೆ. ಅದಕ್ಕೆ ದಪ್ಪ ಟೇಪ್ ಸುತ್ತುವುದನ್ನು ಮರೆಯಬೇಡಿ.

ಹಾಸಿಗೆಗೆ ಒಣಹುಲ್ಲು ಮಾತ್ರ

ಕಂಬಳಿ, ಟವೆಲ್, ಹಳೇ ಬಟ್ಟೆ ಯಾವುದೂ ಬೇಡ. ಬಟ್ಟೆ ತೇವ ಹೀರಿಕೊಳ್ಳುತ್ತದೆ, ತೇವವಾದ ಬಟ್ಟೆ ಬೆಕ್ಕಿನ ಮೈಶಾಖವನ್ನೇ ಎಳೆದುಕೊಳ್ಳುತ್ತದೆ. ಕಾಳು ಬಡಿದ ಮೇಲೆ ಉಳಿಯುವ ಗೋದಿ ಅಥವಾ ಭತ್ತದ ಹುಲ್ಲು ತನ್ನಿ. ಅದರ ಕಡ್ಡಿ ಪೊಳ್ಳು. ಒಳಗೆ ಗಾಳಿ ನಿಲ್ಲುತ್ತದೆ, ತೇವ ಬೇಗ ಹಿಡಿಯುವುದಿಲ್ಲ. ದನದ ಮೇವಿಗೆಂದು ಕೊಯ್ದು ಒಣಗಿಸಿದ ಹಸಿರು ಹುಲ್ಲು ಬೇರೆ. ಅದು ನೀರು ಕುಡಿದು ಬೂಷ್ಟು ಹಿಡಿಯುತ್ತದೆ.

ಡಬ್ಬಿಯ ಮುಕ್ಕಾಲು ಭಾಗ ಸಡಿಲವಾಗಿ ತುಂಬಿ, ಒತ್ತಬೇಡಿ. ಬೆಕ್ಕು ಅದರೊಳಗೆ ಹೊಕ್ಕು ತನಗೆ ಬೇಕಾದ ಹಾಗೆ ಗುಳಿ ಮಾಡಿಕೊಳ್ಳುತ್ತದೆ. ಆ ಗುಳಿ ನೋಡುವಾಗ ಆಗುವ ಸಮಾಧಾನವೇ ಬೇರೆ. ವಾರಕ್ಕೊಮ್ಮೆ ಕೈ ಹಾಕಿ ನೋಡಿ, ಹುಲ್ಲು ತಣ್ಣಗೆ ಒದ್ದೆ ಅನ್ನಿಸಿದರೆ ಬದಲಿಸಿ.

ಎಲ್ಲಿ ಇಡಬೇಕು?

ನೆಲದ ಮೇಲೆ ನೇರವಾಗಿ ಇಡಬೇಡಿ. ಇಟ್ಟಿಗೆ ಅಥವಾ ಮರದ ತುಂಡಿನ ಮೇಲೆ ಎತ್ತರಿಸಿ. ಬಾಗಿಲು ಗೋಡೆಯ ಕಡೆಗೆ ಮುಖ ಮಾಡಿರಲಿ, ನಡುವೆ ಬೆಕ್ಕು ನುಸುಳುವಷ್ಟು ಜಾಗ ಬಿಡಿ. ಆಗ ಗಾಳಿಯೂ ನುಗ್ಗುವುದಿಲ್ಲ, ನಾಯಿಗಳ ಕಾಟವೂ ಕಡಿಮೆ. ಮುಚ್ಚಳದ ಮೇಲೆ ಒಂದು ಭಾರದ ಕಲ್ಲು ಹೇರಿ. ಹಿಮ ಬಿದ್ದ ದಿನ ಮೊದಲು ಬಾಗಿಲ ಮುಂದಿನ ಹಿಮ ಸರಿಸಿ, ಇಲ್ಲದಿದ್ದರೆ ಒಳಗಿದ್ದ ಬೆಕ್ಕು ಅಲ್ಲೇ ಸಿಕ್ಕಿಬೀಳುತ್ತದೆ.

ಊಟ, ನೀರು

ಮೈ ಬೆಚ್ಚಗಿಟ್ಟುಕೊಳ್ಳಲು ಬೆಕ್ಕಿಗೆ ಚಳಿಯಲ್ಲಿ ಹೆಚ್ಚು ಊಟ ಬೇಕು. ಒಣ ಆಹಾರ ಹೆಪ್ಪುಗಟ್ಟುವುದಿಲ್ಲ, ರಾತ್ರಿಗೆ ಅದೇ ಸರಿ. ಹಸಿ ಆಹಾರವನ್ನು ಉಗುರುಬೆಚ್ಚಗೆ ಮಾಡಿ, ಅದು ಬರುವ ಹೊತ್ತಿಗೇ ಕೊಡಿ. ದಿನಾ ಒಂದೇ ಹೊತ್ತಿಗೆ ಕೊಟ್ಟರೆ ಅದು ಹಿಮದಲ್ಲಿ ಕಾಯುತ್ತಾ ಕೂರಬೇಕಾಗಿಲ್ಲ. ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ.

ನೀರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಅಗಲ ತಟ್ಟೆಗಿಂತ ಆಳವಾದ, ದಪ್ಪಗಿನ, ಕಪ್ಪು ಬಣ್ಣದ ಬೋಗುಣಿಯಲ್ಲಿ ನೀರು ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಬಿಸಿಲು ಬೀಳುವ ಕಡೆ ಇಡಿ, ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರು ತುಂಬಿ. ನೀರಿನ ಪಾತ್ರೆಯನ್ನು ಗೂಡಿನ ಒಳಗೆ ಇಡಲೇಬೇಡಿ. ಒಮ್ಮೆ ಚೆಲ್ಲಿದರೆ ಹುಲ್ಲೆಲ್ಲ ಹಾಳು.

ಕಾರು ಮತ್ತು ವಿಷ

ಬಿಸಿ ಇಂಜಿನ್ ಕಂಡರೆ ಬೆಕ್ಕು ಬಾನೆಟ್ ಒಳಗೆ ಸೇರಿಕೊಳ್ಳುತ್ತದೆ. ಗಾಡಿ ಶುರು ಮಾಡುವ ಮೊದಲು ಬಾನೆಟ್ ಮೇಲೆ ಜೋರಾಗಿ ಬಡಿಯಿರಿ, ಒಂದು ನಿಮಿಷ ಕಾಯಿರಿ. ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇದ್ದರೆ ಒಂದು ಚಮಚದಷ್ಟು ಸಾಕು, ಬೆಕ್ಕಿನ ಪ್ರಾಣ ಹೋಗುತ್ತದೆ. ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ.

ಬೆಕ್ಕು ಮಂಕಾಗಿದ್ದರೆ

ಆರೋಗ್ಯವಾಗಿರುವ ಬೆಕ್ಕಿನ ಮೈಬಿಸಿ 38 ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಅದು ತೀರಾ ಇಳಿದಾಗ ನಡುಕ ನಿಂತೇ ಹೋಗುತ್ತದೆ. ನಡುಗುತ್ತಿದ್ದ ಬೆಕ್ಕು ಸುಮ್ಮನಾಗಿ, ಕರೆದರೂ ತಲೆ ಎತ್ತದಿದ್ದರೆ ಸುಧಾರಿಸಿತು ಅಂದುಕೊಳ್ಳಬೇಡಿ. ಒಳಗೆ ತಂದು, ಮೈ ಒರೆಸಿ, ಒಣ ಟವೆಲಿನಲ್ಲಿ ಸುತ್ತಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪಕ್ಕದಲ್ಲಿಡಿ. ಬಿಸಿನೀರಿನಲ್ಲಿ ಮುಳುಗಿಸಬೇಡಿ. ಕಿವಿ, ಬಾಲದ ತುದಿ ಬಿಳಿಚಿಕೊಂಡು ಮರಗಟ್ಟಿದ್ದರೆ ಅಲ್ಲಿ ಉಜ್ಜಬೇಡಿ, ಚರ್ಮ ಹಾಳಾಗುತ್ತದೆ. ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.

ವೈದ್ಯರ ಬಳಿ ಹೋದಾಗ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿ. ಹಗಲು ಉದ್ದವಾಗುತ್ತಿದ್ದಂತೆ ಹೆಣ್ಣು ಬೆಕ್ಕು ಬೆದೆಗೆ ಬರುತ್ತದೆ, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಚಳಿ ಮುಗಿಯಿತು ಎಂದು ಗೂಡು ತೆಗೆದಿಡಲು ಹೋದಾಗ ಸುಮ್ನೆ ಎತ್ತಬೇಡಿ. ಮೊದಲು ಮುಚ್ಚಳ ತೆರೆದು ಹುಲ್ಲಿನಲ್ಲಿ ಮರಿಗಳಿವೆಯೇ ನೋಡಿ. ಇದ್ದರೆ ಮುಚ್ಚಳ ಹಾಗೇ ಮುಚ್ಚಿ, ಇನ್ನೂ ಒಂದೆರಡು ತಿಂಗಳು ಅಲ್ಲೇ ಇರಲಿ.