ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುವವರು ಒಮ್ಮೆ ಓದಿ
ಮೆಡಿಕಲ್‌ನಲ್ಲಿ 2.5% ಜೆಲ್ಲೇ ಕೇಳಿ. ಜಾಸ್ತಿ ಪರ್ಸೆಂಟ್ ಇದ್ದರೆ ಬೇಗ ಹೋಗುತ್ತದೆ ಅಂತ ನಾನು ಸೀದಾ 5% ತಂದು ದಪ್ಪಗೆ ಬಳಿದುಕೊಂಡೆ, ಮೂರೇ ದಿನಕ್ಕೆ ಮುಖವೆಲ್ಲ ಕೆಂಪಾಗಿ ಸಿಪ್ಪೆ ಏಳಲು ಶುರುವಾಯಿತು. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಹಚ್ಚಿ, ಮೊದಲ ಎರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಕಣ್ಣು, ತುಟಿ ಹತ್ತಿರ ಬೇಡ. ಗುಣ ಕಾಣಲು 6ರಿಂದ 8 ವಾರ ಬೇಕು, ಸುಮ್ನೆ ಗಡಿಬಿಡಿ ಮಾಡಬೇಡಿ. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ಲ, ಹಗಲು ಸನ್‌ಸ್ಕ್ರೀನ್ ಇಲ್ಲದೆ ಸೂಪರ್ ಮಾರ್ಕೆಟ್ ತನಕವೂ ಹೋಗಬೇಡಿ. ಹಾಂ, ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಅವ್ವನ ಹೊಸ ದಿಂಬಿನ ಕವರ್ ಹಾಳು ಮಾಡಿ ಬೈಸಿಕೊಂಡಿದ್ದೇನೆ, ಬಿಳಿ ಟವೆಲ್ಲೇ ಇಟ್ಟುಕೊಳ್ಳಿ. ಮುಖ ಊದಿಕೊಂಡರೆ ಅವತ್ತೇ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ.