ಡ್ರಗ್ಸ್ ಪತ್ತೆಗೆ ಕೂದಲು ತೆಗೆಯುವುದು ಹೇಗೆ?

2020ರ ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸ್‌ನಲ್ಲಿ ಕೂದಲಿನ ಸ್ಯಾಂಪಲ್ ಹೈದರಾಬಾದ್ ಲ್ಯಾಬಿಗೆ ಹೋಗಿದ್ದು ನೆನಪಿದೆ ಅಲ್ವಾ? ರಕ್ತ, ಮೂತ್ರದಲ್ಲಿ ಹೆಚ್ಚಿನ ಡ್ರಗ್ಸ್ ಕೆಲವೇ ದಿನ ಸಿಗುತ್ತವೆ, ಕೂದಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಆದರೆ ತೆಗೆಯುವಾಗಲೇ ಕೆಡಿಸಿದರೆ ಲ್ಯಾಬ್ ಏನೂ ಮಾಡಲು ಆಗುವುದಿಲ್ಲ.

ತಲೆಯ ಹಿಂಭಾಗದಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ ತೆಗೆಯಿರಿ. ಅಲ್ಲಿ ಕೂದಲು ಹೆಚ್ಚುಕಡಿಮೆ ಒಂದೇ ಸಮ ಬೆಳೆಯುತ್ತದೆ. ಪೆನ್ಸಿಲ್ ದಪ್ಪದಷ್ಟು ಹಿಡಿದು, ಮೊದಲು ದಾರ ಕಟ್ಟಿ, ಆಮೇಲೆ ಚರ್ಮಕ್ಕೆ ತಾಗುವಷ್ಟು ಹತ್ತಿರ ಕತ್ತರಿಸಿ. ಕೀಳಬೇಡಿ. ಬುಡ ಯಾವ ಕಡೆ ಅಂತ ತಪ್ಪದೆ ಗುರುತು ಹಾಕಿ, ಯಾಕೆಂದರೆ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಬುಡದ 3 ಸೆಂ.ಮೀ. ಅಂದರೆ ಹೆಚ್ಚುಕಡಿಮೆ ಹಿಂದಿನ 3 ತಿಂಗಳು, ಬುಡ ತುದಿ ಅದಲುಬದಲಾದರೆ ಇಡೀ ಲೆಕ್ಕವೇ ತಲೆಕೆಳಗು. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಕವರಿಗೆ ಹಾಕಿ ಸೀಲ್ ಮಾಡಿ, ಒಣ ಜಾಗದಲ್ಲಿಡಿ. ಫ್ರಿಜ್ ಬೇಡ. ಡೈ, ಬ್ಲೀಚ್ ಮಾಡಿಸಿದ್ದರೆ ಬರೆದುಕೊಳ್ಳಿ, ಬ್ಲೀಚ್ ಮಾಡಿದರೆ ಡ್ರಗ್ಸ್ ಪ್ರಮಾಣ ಇಳಿಯುತ್ತದೆ.

ಪಾನೀಯದಲ್ಲಿ ಏನೋ ಬೆರೆಸಿ ಕೊಟ್ಟ ಕೇಸ್ ಆದರೆ ಮೂತ್ರ, ರಕ್ತ ಕೂಡಲೇ ತೆಗೆಯಿರಿ. ಕೂದಲಿಗೆ 4ರಿಂದ 6 ವಾರ ಕಾಯಬೇಕು, ಆ ದಿನದ ಭಾಗ ಚರ್ಮದಿಂದ ಹೊರಗೆ ಬರಬೇಕಲ್ಲ. ಅಲ್ಲಿಯವರೆಗೆ ಕೂದಲು ಕತ್ತರಿಸಬೇಡಿ, ಬಣ್ಣ ಹಾಕಬೇಡಿ ಎಂದು ಆ ವ್ಯಕ್ತಿಗೆ ಮೊದಲ ದಿನವೇ ಹೇಳಿ.

ಲ್ಯಾಬಿನಲ್ಲಿ ಕೂದಲನ್ನು ಮೊದಲು ತೊಳೆಯುತ್ತಾರೆ. ಗಾಂಜಾ ಹೊಗೆ ತುಂಬಿದ ರೂಮಿನಲ್ಲಿ ಸುಮ್ನೆ ಕೂತವರ ಕೂದಲಿಗೂ ಟಿಎಚ್‌ಸಿ (ಗಾಂಜಾದಲ್ಲಿ ನಶೆ ಏರಿಸುವ ಅಂಶ) ಅಂಟುತ್ತದೆ, ತೊಳೆದರೂ ಪೂರ್ತಿ ಹೋಗದೆ ಇರಬಹುದು. ಅದಕ್ಕೇ ಹೊಗೆಯಲ್ಲಿ ಇರದ, ದೇಹದೊಳಗೆ ಆಗುವ ಟಿಎಚ್‌ಸಿ-ಸಿಒಒಎಚ್ ಹುಡುಕುತ್ತಾರೆ. ಇದು ಕೂದಲಲ್ಲಿ ತೀರಾ ಕಡಿಮೆ ಇರುತ್ತದೆ, ಸೂಕ್ಷ್ಮ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕ ನೋಡಿ ವಸ್ತು ಯಾವುದೆಂದು ಗುರುತಿಸುವ ಯಂತ್ರ) ಬೇಕೇ ಬೇಕು.

ಬರೀ ಸ್ಕ್ರೀನಿಂಗ್ ಟೆಸ್ಟ್ (ದೃಢೀಕರಣಕ್ಕೆ ಮುಂಚಿನ ಪ್ರಾಥಮಿಕ ಪರೀಕ್ಷೆ) ನಂಬಿ ತೀರ್ಪು ಕೊಡುವುದು ಅನ್ಯಾಯ. ಕೆನಡಾದ ಟೊರೊಂಟೊದಲ್ಲಿ ಮದರಿಸ್ಕ್ ಲ್ಯಾಬ್ ವರ್ಷಗಟ್ಟಲೆ ಹೀಗೆ ದೃಢೀಕರಿಸದ ಫಲಿತಾಂಶ ಕೊಟ್ಟಿತು, ಅದನ್ನೇ ನೆಚ್ಚಿಕೊಂಡು ತಂದೆತಾಯಿಯರಿಂದ ಮಕ್ಕಳನ್ನು ದೂರ ಮಾಡಿದರು. ಆ ಟೆಸ್ಟ್‌ಗಳು ನಂಬಲರ್ಹವಲ್ಲ ಎಂದು 2015ರ ಪರಿಶೀಲನೆ ಹೇಳಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಒಡೆದಿದ್ದವು.

ಎಷ್ಟು ತೆಗೆದುಕೊಂಡಿದ್ದರು ಅಂತಲೂ ಕೂದಲಿನಿಂದ ಲೆಕ್ಕ ಹಾಕಬೇಡಿ. ಕಪ್ಪು ಕೂದಲಿನಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ, ಕೆಲವು ಡ್ರಗ್ಸ್ ಅದಕ್ಕೆ ಹೆಚ್ಚು ಅಂಟಿಕೊಳ್ಳುತ್ತವೆ. ವರದಿ ಕೈಗೆ ಬಂದರೆ ಮೂರು ವಿಷಯ ಕೇಳಿ: ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ದೃಢೀಕರಿಸಿದ್ದಾರಾ, ಹೊರಗಿನಿಂದ ಅಂಟಿದ್ದೇ ಎಂದು ತಿಳಿಯಲು ಕೂದಲು ತೊಳೆದ ದ್ರಾವಣವನ್ನೂ ಪರೀಕ್ಷಿಸಿದ್ದಾರಾ, ಬುಡದಿಂದ ಎಷ್ಟು ಸೆಂ.ಮೀ. ನೋಡಿದ್ದಾರೆ?