ಸೋಲಾರ್‌ಗೂ ಮುಂಚೆ ಒಂದು ಲಾಗ್ ಪುಸ್ತಕ: ಪಾಲಿಕೆ ಕಚೇರಿಯ ವಿದ್ಯುತ್ ಖರ್ಚು ಇಳಿಸಿದ ನನ್ನ ಅನುಭವ

ನಮ್ಮ ಪಾಲಿಕೆಯ ಕೇಂದ್ರ ಕಚೇರಿಯ ವಿದ್ಯುತ್ ಬಳಕೆ ತಿಂಗಳಿಗೆ ಸರಾಸರಿ 48,000 ಯೂನಿಟ್‌ಗಳಿಂದ 33,000ದ ಆಸುಪಾಸಿಗೆ ಇಳಿದು ಎರಡು ಬೇಸಿಗೆಗಳು ಕಳೆದಿವೆ. ಮೊದಲ ಬೇಸಿಗೆಯಲ್ಲಿ ‘ಈ ಸಲ ಮಳೆ ಬೇಗ ಬಂತು, ಅದಕ್ಕೇ ಇಳಿಯಿತು’ ಎಂದವರು ಎರಡನೆಯ ಬೇಸಿಗೆಯ ನಂತರ ಸುಮ್ಮನಾಗಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನಾನು ವಿದ್ಯುತ್ ಶಾಖೆಯ ಸಹಾಯಕ ಕಾರ್ಯಪಾಲಕ ಅಭಿಯಂತರ. ಅಂಕಿಗಳನ್ನು ಬಹುಪಾಲು ನೆನಪಿನಿಂದ ಕೊಡುತ್ತಿದ್ದೇನೆ, ಏಕೆಂದರೆ ಕಡತ ಸದ್ಯ ಆಡಿಟ್‌ನವರ ಬಳಿ ಇದೆ.

ಕಟ್ಟಡ ನೆಲಮಹಡಿಯ ಮೇಲೆ ನಾಲ್ಕು ಅಂತಸ್ತಿನದು, ಸುಮಾರು 1 ಲಕ್ಷ ಚದರ ಅಡಿ; 11 ಕೆ.ವಿ. ಎಚ್.ಟಿ. (ಅಧಿಕ ಒತ್ತಡದ) ಸಂಪರ್ಕ, 500 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್. ಇ.ಸಿ.ಬಿ.ಸಿ., ಅಂದರೆ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ, 100 ಕಿಲೋವ್ಯಾಟ್ ಸಂಪರ್ಕ ಭಾರ ಅಥವಾ 120 ಕೆ.ವಿ.ಎ. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ವಿದ್ಯುತ್ ಕಂಪನಿಯೊಂದಿಗೆ ಕರಾರಾದ ಗರಿಷ್ಠ ಬೇಡಿಕೆ) ಮುಟ್ಟುವ ವಾಣಿಜ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆಯಾದರೂ ಅದು ಹೊಸದಾಗಿ ಕಟ್ಟುವವರಿಗೆ. ಹೀಗಾಗಿ ಊರಿನ ಹೊಸ ಕಟ್ಟಡಗಳಿಗೆ ಪರವಾನಗಿ ಕೊಡುವ ನಮ್ಮ ನಗರ ಯೋಜನಾ ಶಾಖೆಯೇ 18 ಡಿಗ್ರಿಗೆ ಇಟ್ಟ ಎ.ಸಿ.ಯ ಕೆಳಗೆ, ಫ್ಯಾನನ್ನೂ ಹಾಕಿಕೊಂಡು ಕುಳಿತಿರುತ್ತಿತ್ತು.

ಮೊದಲು ನನ್ನ ಸೋಲನ್ನು ಹೇಳಿಬಿಡುತ್ತೇನೆ. ಎಲ್ಲರೂ ಮಾಡುವಂತೆ ನಾನೂ ಎಲ್.ಇ.ಡಿ.ಯಿಂದ ಆರಂಭಿಸಿ, ಸುಮಾರು 900 ಟ್ಯೂಬ್‌ಲೈಟ್‌ಗಳನ್ನು ಬದಲಿಸಲು 6 ಲಕ್ಷಕ್ಕೂ ಹೆಚ್ಚು ಖರ್ಚು ಮಾಡಿಸಿದೆ. ಲೆಕ್ಕದ ಪ್ರಕಾರ ತಿಂಗಳಿಗೆ 5,000 ಯೂನಿಟ್ ಉಳಿಯಬೇಕಿತ್ತು. ಉಳಿದದ್ದು 2,500 ಇರಬಹುದು, ಏಕೆಂದರೆ ಅರ್ಧಕ್ಕರ್ಧ ದೀಪಗಳು ಹಗಲಿನಲ್ಲಿ ಉರಿಯುತ್ತಲೇ ಇರಲಿಲ್ಲ. ಅಷ್ಟನ್ನೂ ಇಂಧನ ವೆಚ್ಚದೊಂದಿಗೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ನುಂಗಿ ಹಾಕಿತು. ಸ್ಥಾಯಿ ಸಮಿತಿಯ ಸಭೆಯಲ್ಲಿ ಸದಸ್ಯರೊಬ್ಬರು ಹಳೆಯ ಮತ್ತು ಹೊಸ ಬಿಲ್ಲುಗಳನ್ನು ಒಂದರ ಪಕ್ಕ ಒಂದಿಟ್ಟು, ‘ಸಾಹೇಬರೇ, ಉಳಿತಾಯ ಎಲ್ಲಿದೆ ತೋರಿಸಿ’ ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲರ ಬಾಯಲ್ಲೂ ಸೋಲಾರ್. ಛಾವಣಿಯ ಮೇಲೆ 100 ಕಿಲೋವ್ಯಾಟ್, ಅಂದಾಜು ಪಟ್ಟಿ ಅರ್ಧ ಕೋಟಿ. ನಾನು ಸೋಲಾರ್ ವಿರೋಧಿಯಲ್ಲ. ಸೋರುವ ಟ್ಯಾಂಕಿಗೆ ಇನ್ನೊಂದು ನಲ್ಲಿ ಜೋಡಿಸುವುದು ಬೇಡ, ಮೀಟರಿನ ಲಾಗ್ ಬರೆಸಿ ಸೋರಿಕೆ ಹುಡುಕಲು ಮೂರು ತಿಂಗಳು ಕೊಡಿ ಎಂದು ಟಿಪ್ಪಣಿ ಹಾಕಿದೆ. ‘ಲಾಗ್ ಪುಸ್ತಕದಿಂದ ಕರೆಂಟು ಹುಟ್ಟುತ್ತದೆಯೇನ್ರೀ?’ ಎಂದು ನಮ್ಮ ಮೇಲಧಿಕಾರಿಗಳು ನಕ್ಕರು.

ನಾನು ಮಾಡಿದ್ದು ಇಷ್ಟೇ: ರಾತ್ರಿ ಪಾಳಿಯ ಕಾವಲುಗಾರನಿಗೆ ಒಂದು ಉದ್ದ ನೋಟ್‌ಬುಕ್ ಕೊಟ್ಟು, ಟ್ರೈವೆಕ್ಟರ್ ಮೀಟರಿನ (ಕಟ್ಟಡದ ಮುಖ್ಯ ವಿದ್ಯುತ್ ಮೀಟರ್) ಅಂಕಿಯನ್ನು ಗಂಟೆಗೊಮ್ಮೆ ಬರೆಯಲು ಹೇಳಿದೆ. ಮೊದಲ ವಾರದ ಬರಹ ನಿರುಪಯುಕ್ತವಾಯಿತು, ಏಕೆಂದರೆ ಮೀಟರಿನ ಪರದೆ ತಾನಾಗಿ ಉರುಳುತ್ತಿದ್ದುದರಿಂದ ಆತ ಒಮ್ಮೆ ಯೂನಿಟ್, ಇನ್ನೊಮ್ಮೆ ವೋಲ್ಟೇಜ್ ಬರೆದುಕೊಂಡಿದ್ದ. ಎರಡನೆಯ ವಾರ ಮಧ್ಯರಾತ್ರಿ ಎರಡಕ್ಕೂ ಕಟ್ಟಡ 38 ಕಿಲೋವ್ಯಾಟ್ ಎಳೆಯುತ್ತಿರುವುದು ಕಂಡಿತು. ಆತ ನಿದ್ದೆ ಮಾಡದೆ ಬರೆಯುವಂತೆ ಮಾಡಿದ ಉಪಾಯವನ್ನು ಇಲ್ಲಿ ಹೇಳುವುದಿಲ್ಲ. ಅದು ಪ್ರತಿ ಕಚೇರಿಗೂ ಬೇರೆಯೇ ಆಗಿರುತ್ತದೆ.

ಒಂದು ಶನಿವಾರ ರಾತ್ರಿ ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಫೀಡರ್‌ನಿಂದ ಫೀಡರ್‌ಗೆ ನಡೆದೆ. ಆರಿಸದೆ ಬಿಟ್ಟುಹೋದ ಕಂಪ್ಯೂಟರ್‌ಗಳೇ 15 ಕಿಲೋವ್ಯಾಟ್ ಇದ್ದವು. ಫ್ಲೋಟ್ ಕೆಟ್ಟ ಸಂಪಿನ 7.5 ಎಚ್.ಪಿ. ಮೋಟಾರು ಟ್ಯಾಂಕ್ ತುಂಬಿದ ಮೇಲೂ ತಿರುಗುತ್ತ ನೀರನ್ನು ಹಿತ್ತಲ ಮೋರಿಗೆ ಸುರಿಯುತ್ತಿತ್ತು. ಎರಡನೆಯ ಮಹಡಿಯ ಹಳೆಯ ಸರ್ವರ್ ಕೋಣೆಯನ್ನಂತೂ ನಾನು ಮರೆಯಲಾರೆ. ಸರ್ವರ್‌ಗಳನ್ನು ಬೇರೆಡೆಗೆ ಸಾಗಿಸಿ ಎರಡು ವರ್ಷವಾಗಿದ್ದರೂ 2 ಟನ್ನಿನ ಎರಡು ಎ.ಸಿ.ಗಳು ಹಗಲಿರುಳು ಓಡುತ್ತಿದ್ದವು. ಬರಿದಾದ ರ‍್ಯಾಕಿನ ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಸುಗಂಧರಾಜದ ಹಾರಗಳು ತಣ್ಣಗೆ ಕುಳಿತಿದ್ದವು. ಮಹಾಪೌರರ ಸನ್ಮಾನ ಸಮಾರಂಭಗಳಿಗೆ ತರುವ ಹಾರಗಳು ಬಾಡದಿರಲೆಂದು ಅಟೆಂಡರ್ ಮಾಡಿಕೊಂಡಿದ್ದ ವ್ಯವಸ್ಥೆಯದು. ಎ.ಸಿ. ನಿಲ್ಲಿಸಿದ್ದಕ್ಕೆ ಬಂದ ಮೊದಲ ಲಿಖಿತ ಆಕ್ಷೇಪಣೆಯೂ ಅಲ್ಲಿಂದಲೇ. ಫ್ಲೋಟ್, ಟೈಮರ್ ಮತ್ತು ಮಹಡಿಗೊಂದು ಕಾಂಟ್ಯಾಕ್ಟರ್ (ದೊಡ್ಡ ಭಾರವನ್ನು ತಾನಾಗಿ ಕಡಿಯುವ ಸ್ವಿಚ್) ಹಾಕಿ ರಾತ್ರಿಯ ಭಾರವನ್ನು 12 ಕಿಲೋವ್ಯಾಟ್‌ಗೆ ತಂದೆ. ರಜಾದಿನಗಳೂ ಸೇರಿ ತಿಂಗಳಿಗೆ 11,000 ಯೂನಿಟ್ ಇದೊಂದರಿಂದಲೇ ಉಳಿಯಿತು.

ಇನ್ನು ಡಿಮ್ಯಾಂಡ್. ಕಟ್ಟಿದ ಕಾಲದಲ್ಲಿ ಯಾರೋ 350 ಕೆ.ವಿ.ಎ.ಗೆ ಕರಾರು ಮಾಡಿಸಿಟ್ಟಿದ್ದರು. ಮೀಟರ್ ತೋರಿಸುತ್ತಿದ್ದ ಎಂ.ಡಿ. (ತಿಂಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ) 190ರ ಹತ್ತಿರ, ಆದರೆ ಕರಾರಿನ 85 ಶೇಕಡಾಗಾದರೂ ಹಣ ಕಟ್ಟಲೇಬೇಕೆಂಬ ನಿಯಮದಂತೆ ನಾವು ಸುಮಾರು 298ಕ್ಕೆ ಹಣ ಕಟ್ಟುತ್ತಿದ್ದೆವು. ಇಳಿಸೋಣ ಎಂದರೆ ‘ಮುಂದೆ ಬೇಕಾದರೆ ಯಾರು ಹೊಣೆ?’ ಎಂಬ ಷರಾದೊಂದಿಗೆ ಕಡತ ನಾಲ್ಕು ಸಲ ಮರಳಿ ಬಂತು. ಕೊನೆಗೆ ಹೊಣೆ ನನ್ನದೇ ಎಂದು ಬರೆದುಕೊಟ್ಟು 230ಕ್ಕೆ ಇಳಿಸಿದೆ. ಒಂದು ಪೈಸೆಯ ಸಾಮಾನೂ ಕೊಳ್ಳದೆ ತಿಂಗಳಿಗೆ 30,000 ರೂಪಾಯಿ ಉಳಿದ ಕೆಲಸವಿದು.

ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ವಿಷಯದಲ್ಲಿ ಮಾತ್ರ ಕೈ ಸುಟ್ಟುಕೊಂಡೆ. ಅದು 0.86ರಲ್ಲಿದ್ದು, 0.90ಕ್ಕಿಂತ ಕೆಳಗಿದ್ದ ತಪ್ಪಿಗೆ ತಿಂಗಳಿಗೆ ಐದಾರು ಸಾವಿರ ಸರ್‌ಚಾರ್ಜ್ ಬರುತ್ತಿತ್ತು. ಕೆಪಾಸಿಟರ್ ಜೋಡಿಸಿ ಅದನ್ನು ತಾನಾಗಿ ಸರಿಪಡಿಸುವ ಎ.ಪಿ.ಎಫ್.ಸಿ. ಪ್ಯಾನೆಲ್ ಹಾಕಿಸಿದೆ, ಗುತ್ತಿಗೆದಾರ ಅದಕ್ಕೆ ಕರೆಂಟು ಅಳೆದುಕೊಡುವ ಸಿ.ಟಿ.ಯನ್ನು ಕೆಪಾಸಿಟರ್ ಟ್ಯಾಪಿಂಗ್‌ನ ಆಚೆಗೆ, ಲೋಡ್ ಬದಿಗೆ ಕಟ್ಟಿಬಿಟ್ಟ. ಕಂಟ್ರೋಲರ್‌ಗೆ ತಾನು ಮಾಡಿದ ತಿದ್ದುಪಡಿ ತನಗೇ ಕಾಣದೆ ಎಲ್ಲ ಹಂತಗಳನ್ನೂ ಒಳಗೆಳೆದುಕೊಂಡು ಕುಳಿತಿತು. ಮೇಲಾಗಿ ಯು.ಪಿ.ಎಸ್. ಮತ್ತು ಎಲ್.ಇ.ಡಿ. ಡ್ರೈವರ್‌ಗಳ ಹಾರ್ಮೋನಿಕ್ಸ್, ಅಂದರೆ ಕರೆಂಟಿನ ಅಲೆಯ ವಿಕಾರಗಳು. ಆರನೆಯ ವಾರ ಪ್ಯಾನೆಲ್ ಬಾಗಿಲು ತೆರೆದರೆ ಕೆಪಾಸಿಟರ್ ಡಬ್ಬಿಗಳು ಪೂರಿಯಂತೆ ಉಬ್ಬಿದ್ದವು. ಸಿ.ಟಿ.ಯನ್ನು ಇನ್‌ಕಮರ್‌ಗೆ (ವಿದ್ಯುತ್ ಒಳಬರುವ ಮುಖ್ಯ ತಂತಿಗೆ) ಸರಿಸಿ, ಹಾರ್ಮೋನಿಕ್ಸ್ ತಡೆಯುವ 7 ಶೇಕಡಾ ರಿಯಾಕ್ಟರ್ ಸೇರಿಸಿ, ಹೆಚ್ಚು ವೋಲ್ಟೇಜಿನ ಕೆಪಾಸಿಟರ್ ಹಾಕಿಸುವ ಹೊತ್ತಿಗೆ 80,000 ಹೆಚ್ಚುವರಿ ಖರ್ಚಾಗಿತ್ತು. ಈಗ 0.98 ಇದೆ, ಎಂ.ಡಿ. 170ಕ್ಕೆ ಬಂದಿದೆ.

ನಡುವೆ ಒಂದೆರಡು ಚಿಲ್ಲರೆ ಪ್ರಯೋಗಗಳನ್ನೂ ಮಾಡಿದೆ. ಸಭಾಂಗಣದ ತಾರಸಿಗೆ ಸುಣ್ಣ ಮತ್ತು ಬಿಳಿ ಸಿಮೆಂಟ್ ಬಳಿಸಿದಾಗ ಒಳಗಿನ ಸೀಲಿಂಗ್ ಬಿಸಿ ಮಟಮಟ ಮಧ್ಯಾಹ್ನದಲ್ಲಿ 6-7 ಡಿಗ್ರಿ ಇಳಿದದ್ದು ಇನ್‌ಫ್ರಾರೆಡ್ ಗನ್ನಿನಲ್ಲಿ ಕಂಡಿತು. ಆದರೆ ಮೊದಲ ಮಳೆಗಾಲಕ್ಕೇ ಅರ್ಧ ತೊಳೆದುಹೋಯಿತು. ಕಡಿಮೆ ವಿದ್ಯುತ್ತಿನ, ರಿಮೋಟಿನಿಂದ ನಡೆಯುವ 40 ಬಿ.ಎಲ್.ಡಿ.ಸಿ. ಫ್ಯಾನ್ ಹಾಕಿಸಿದೆ. 75 ವ್ಯಾಟ್ ತಿನ್ನುವಲ್ಲಿ 28 ತಿನ್ನುತ್ತವೆ, ತಕರಾರಿಲ್ಲ; ಆದರೆ ಮೂರು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಿಮೋಟ್‌ಗಳು ಕಾಣೆಯಾದವು. ಎ.ಸಿ. ವಿಷಯದಲ್ಲಿ, 2020ರಿಂದ ಹೊಸ ಸ್ಟಾರ್ ಯಂತ್ರಗಳು 24 ಡಿಗ್ರಿಗೆ ನಿಗದಿಯಾಗಿಯೇ ಬರುತ್ತಿದ್ದರೂ ಸಿಬ್ಬಂದಿಯ ಬೆರಳು 18ಕ್ಕೇ ಹೋಗುತ್ತದೆ. ನಾನು 26 ಮತ್ತು ಫ್ಯಾನ್ ಎಂಬಲ್ಲಿಗೆ ತಂದು ನಿಲ್ಲಿಸಿದ್ದೇನೆ. ದೊಡ್ಡವರ ಕೋಣೆಗಳಲ್ಲಿ ಅದನ್ನು ಹೇಗೆ ಸಾಧಿಸಿದೆ ಎಂಬುದನ್ನು ನಿವೃತ್ತಿಯ ನಂತರ ಬರೆಯುತ್ತೇನೆ.

ಒಮ್ಮೆ ಮುಖಭಂಗವೂ ಆಯಿತು. ಮೇ ತಿಂಗಳಲ್ಲಿ ಆವರಣದಲ್ಲಿ ಇ-ಖಾತಾ ಮೇಳ ನಡೆದಾಗ ಶಾಮಿಯಾನದವರು ಕೂಲರ್ ಮತ್ತು ದೀಪಗಳಿಗೆ ನಮ್ಮ ಪ್ಯಾನೆಲ್‌ನಿಂದಲೇ ತಂತಿ ಎಳೆದಿದ್ದರು; ಎಂ.ಡಿ. 243 ದಾಖಲಾಯಿತು. ಮೀರಿದ 13 ಕೆ.ವಿ.ಎ.ಗೆ ದುಪ್ಪಟ್ಟು ದರ. ‘ಇಳಿಸಬೇಡಿ ಎಂದಿದ್ದೆವಲ್ಲ’ ಎಂಬ ಮಾತು ಆ ವಾರ ನಾಲ್ಕು ಮಹಡಿಗಳಲ್ಲೂ ಕೇಳಿಬಂತು. ದಂಡದ ಮೊತ್ತ ಒಂದು ತಿಂಗಳ ಡಿಮ್ಯಾಂಡ್ ಉಳಿತಾಯದ ಸುಮಾರು ಕಾಲು ಭಾಗವಷ್ಟೇ ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಎಲ್.ಇ.ಡಿ. ಬಿಟ್ಟು, ಸುಟ್ಟ ಕೆಪಾಸಿಟರ್ ಸೇರಿಸಿ ಒಟ್ಟು ಖರ್ಚು ನಾಲ್ಕು ಲಕ್ಷದೊಳಗೆ. ಬಿಲ್ಲು 5 ಲಕ್ಷದ ಮೇಲಿದ್ದದ್ದು ಈಗ ಮೂರೂವರೆಯ ಸುತ್ತ. ಉಳಿದ ಹಣ ಸಾಮಾನ್ಯ ನಿಧಿಗೆ ಹೋಗುತ್ತದೆ. ಹೊಸ ಕ್ಲ್ಯಾಂಪ್ ಮೀಟರಿಗೆ ನಾನು ಕೇಳಿದ 18,000 ರೂಪಾಯಿ ಇನ್ನೂ ಮಂಜೂರಾಗಿಲ್ಲ. ಸೋಲಾರ್ ಕಡತಕ್ಕೆ ಮತ್ತೆ ಜೀವ ಬಂದಿದೆ, ಈ ಸಲ 60 ಕಿಲೋವ್ಯಾಟ್‌ಗೆ, ನನ್ನ ಸಹಿಯೊಂದಿಗೆ. ಅದೇ ಕಾವಲುಗಾರ ಈಗ ಪಾಲಿಕೆಯ ವಾಣಿಜ್ಯ ಸಂಕೀರ್ಣದ ಮೀಟರನ್ನು ಬರೆಯುತ್ತಿದ್ದಾನೆ. ಅಂಗಡಿಗಳೆಲ್ಲ ಮುಚ್ಚಿದ ಮೇಲೂ ಅಲ್ಲಿನ ಸಾಮಾನ್ಯ ಮೀಟರಿನಲ್ಲಿ 9 ಕಿಲೋವ್ಯಾಟ್ ಓಡುತ್ತಿದೆ. ಎಲ್ಲಿಗೆ ಎಂದು ಹುಡುಕಲು ಬರುವ ಶನಿವಾರ ರಾತ್ರಿ ಹೋಗುತ್ತಿದ್ದೇವೆ.